ಗರ ಬೀಳುವ ಮುನ್ನ

ಹಾವು-ಏಣಿಯ ಮೂಲ ರೂಪವಾದ ಮೋಕ್ಷಪಟ ಹುಟ್ಟಿದ್ದೇ ಧರ್ಮಬೋಧೆಗಾಗಿ. ಏಣಿಯ ಬುಡದಲ್ಲಿ ದಯೆ, ಭಕ್ತಿ. ಹಾವಿನ ಬಾಯಲ್ಲಿ ಕಾಮ, ಅಹಂಕಾರ. ಬೀದರ್ ಜಿಲ್ಲೆಯ ಭಾಲ್ಕಿ, ಔರಾದ್‌ ತಾಲ್ಲೂಕುಗಳ ಗಡಿಯಾಚೆಯ ಮರಾಠಿ ನಾಡಿನಲ್ಲಿ ಅದನ್ನು ಸಂತ ಜ್ಞಾನೇಶ್ವರರ ಹೆಸರಿಗೆ ಸೇರಿಸುವ ವಾಡಿಕೆಯಿದೆ.

ಪಟ ಚೆಂದ, ತೊಡಕು ಮಾತ್ರ ದೊಡ್ಡದು. ದಯೆಯ ಮನೆ ತಲುಪಿದವನು ದಯೆ ತೋರಿದವನಲ್ಲ, ಗರ ಕೂಡಿಬಂದವನು ಅಷ್ಟೆ. ಆಡುವವನು ಏನನ್ನೂ ಆರಿಸುವುದಿಲ್ಲ. ಕರ್ಮವನ್ನು ಕಲಿಸಬೇಕಾದ ಆಟದಲ್ಲಿ ಮಾಡುವ ಕರ್ಮವೇ ಇಲ್ಲ!

ಇದರ ಪಕ್ಕದಲ್ಲಿ ಆಸ್ಟ್ರೇಲಿಯನ್ ಫುಟ್‌ಬಾಲನ್ನು ದಾಳಗಳಿಂದ ಮೇಜಿನ ಮೇಲೆ ಆಡಿಸಲು ಹೊರಟವರ ಕೆಲಸವನ್ನು ಇಟ್ಟು ನೋಡಬೇಕು. ಮೊಟ್ಟೆಯಾಕಾರದ ಚೆಂಡು ನೆಲಕ್ಕೆ ಬಿದ್ದರೆ ಎತ್ತ ಪುಟಿಯುತ್ತದೋ ಹೇಳಲಾಗದು. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ 6 ಅಂಕ, ಅಕ್ಕಪಕ್ಕದ ಕಂಬಗಳ ನಡುವೆ ಹೋದರೆ 1. ಇದನ್ನು ಕಾಗದಕ್ಕಿಳಿಸುವಾಗ ಅದೃಷ್ಟಕ್ಕೆ ಎಷ್ಟು ಪಾಲು, ಪರಿಣತಿಗೆ ಎಷ್ಟು ಪಾಲು ಎಂದು ತೀರ್ಮಾನಿಸಲೇಬೇಕು. ಎರಡು ದಾಳ ಉರುಳಿದರೆ 36 ಸಾಧ್ಯತೆ. ನುರಿತ ಆಟಗಾರನಿಗೆ 6 ಅಥವಾ ಹೆಚ್ಚು ಬಿದ್ದರೆ ಗೋಲು ಎಂದಿಟ್ಟರೆ ಅವನಿಗೆ 26 ದಾರಿ. ಸಾಧಾರಣನಿಗೆ 8 ಅಥವಾ ಹೆಚ್ಚು ಬೇಕೆಂದರೆ 15 ದಾರಿ ಮಾತ್ರ. ದೂರದಿಂದ ಒದೆಯಬೇಕೋ, ಜೊತೆಯವನಿಗೆ ದಾಟಿಸಬೇಕೋ ಎಂಬ ನಿರ್ಧಾರ ಮೊದಲು, ದಾಳ ಆಮೇಲೆ. ನುರಿತವನೂ 36ರಲ್ಲಿ 10 ಸಲ ತಪ್ಪುತ್ತಾನೆ. ಆ ತಪ್ಪು ಪಾಪವಲ್ಲ.

ಈ ಕ್ರಮವೇ ಮೋಕ್ಷಪಟಕ್ಕಿಂತ ಧರ್ಮಕ್ಕೆ ಹತ್ತಿರ. ಇದೇ ಬೀದರ್ ಜಿಲ್ಲೆಯ ಕಲ್ಯಾಣದಲ್ಲಿ 12ನೆಯ ಶತಮಾನದ ಶರಣರು ತಿಥಿ, ವಾರ, ಶಕುನಗಳನ್ನು ತಳ್ಳಿಹಾಕಿ ಕಾಯಕವನ್ನು ಮುಂದಿಟ್ಟರು. ಅಂದರೆ ಲೋಕದಲ್ಲಿ ಆಕಸ್ಮಿಕಗಳೇ ಇಲ್ಲವೆಂದಲ್ಲ. ಆಕಸ್ಮಿಕದ ಕೈಗೆ ಮನುಷ್ಯನ ಯೋಗ್ಯತೆ ಅಳೆಯುವ ಕೋಲು ಕೊಡಬಾರದು ಎಂದು. ಬಡತನ, ಜಾತಿ, ರೋಗಗಳನ್ನು ಹಿಂದಿನ ಜನ್ಮದ ಲೆಕ್ಕಕ್ಕೆ ಬರೆಯುವವರು ಇವತ್ತಿಗೂ ಮಾಡುವ ಅನ್ಯಾಯ ಇದೇ.

ಔರಾದ್ ಸೀಮೆಯ ಕಮಲನಗರದಲ್ಲಿ ಹುಟ್ಟಿದ, ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರ ಬದುಕು ಇಲ್ಲಿ ನೆನಪಾಗುತ್ತದೆ. ನಿಜಾಮರ ಆಳ್ವಿಕೆಯಲ್ಲಿ ಬದುಕಬೇಕಾದದ್ದು ಅವರ ಆಯ್ಕೆಯಲ್ಲ. ಶಾಲೆಯ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ್ದು ಅವರ ಆಯ್ಕೆ.

ಹಾಗೆಂದು ಮೋಕ್ಷಪಟವನ್ನು ಬಿಸಾಡಬೇಕಿಲ್ಲ, ತಿದ್ದಿದರೆ ಸಾಕು. ಇಲ್ಲಿ ದಾಳ ಮೊದಲು ಬಿದ್ದರೂ ಆಯ್ಕೆ ಇರಲಿ: ಪ್ರತಿ ಸರದಿಗೆ ಎರಡು ದಾಳ ಉರುಳಲಿ, ಯಾವುದರ ಗರದಂತೆ ಕಾಯಿ ನಡೆಸಬೇಕೆಂದು ಆಡುವವನೇ ಆರಿಸಲಿ. ಬೇಗ ಮೇಲೇರುವ ಏಣಿಯೊಂದು ಕಡೆ, ಹಿಂದೆ ಉಳಿದ ಜೊತೆಯವನನ್ನು ಎತ್ತುವ ಮನೆಯೊಂದು ಕಡೆ ಇದ್ದಾಗ ಅವನು ಯಾವ ದಾಳ ಹಿಡಿಯುತ್ತಾನೆ ಎಂದು ಆಗ ಕೇಳಬಹುದು.