ಕಸವನ್ನು ಎತ್ತತಕ್ಕವರು ಯಾರು?

ಯೌವನಸ್ಥರು ಕೂಡಿ ಬೀದಿಯ ಕಸವನ್ನೂ ಕೆರೆಯಂಗಳದ ಪ್ಲಾಸ್ಟಿಕ್ಕನ್ನೂ ಎತ್ತಿ ಶುಚಿಮಾಡುವ ಕೆಲಸವು ಪಟ್ಟಣಗಳಲ್ಲಿ ಬಹಳವಾಗಿ ನಡೆಯುತ್ತಲಿದ್ದು, ಈಗ ಹಳ್ಳಿಗಳಿಗೂ ಬಂದಿರುತ್ತದೆ. ಶಾಲೆಯ ಉಪಾಧ್ಯಾಯರು ಮಕ್ಕಳನ್ನು ಇದಕ್ಕೆ ಕರೆದುಕೊಂಡು ಹೋಗುತ್ತಾರೆ. ಕೆಲವು ಕಡೆಗಳಲ್ಲಿ ಆದಿತ್ಯವಾರದ ಶಾಲೆಯವರೂ ಹೋಗುವದುಂಟು. ಇದನ್ನು ಕಂಡು ಸಂತೋಷಪಡುವವರು ಅನೇಕರು. ಆದರೆ ಸಭೆಯ ವೃದ್ಧರಲ್ಲಿ ಒಬ್ಬಿಬ್ಬರು ನೊಂದುಕೊಂಡು, "ನಮ್ಮ ತಂದೆ ತಾತಂದಿರ ಕೈಗೆ ಊರವರು ಪೊರಕೆಯನ್ನು ಕೊಟ್ಟರು, ಸತ್ತ ದನವನ್ನು ಹೊರಿಸಿದರು. ದೇವರ ದಯೆಯಿಂದ ನಾವು ಅದರೊಳಗಿಂದ ಹೊರಗೆ ಬಂದೆವು. ಈಗ ನಮ್ಮ ಮೊಮ್ಮಕ್ಕಳ ಕೈಗೆ ಅದೇ ಪೊರಕೆಯನ್ನು ಕ್ರಿಸ್ತನ ಹೆಸರಿನಲ್ಲಿ ಕೊಡುವದು ನ್ಯಾಯವೋ?" ಎಂದು ಕೇಳುವರು. ಇದು ಸೋಮಾರಿಗಳ ಮಾತಲ್ಲ, ಗರ್ವಿಗಳ ಮಾತೂ ಅಲ್ಲ. ಆದದರಿಂದ ಇದನ್ನು ತಳ್ಳಿಬಿಡದೆ ವಿಚಾರಿಸತಕ್ಕದ್ದೆಂದು ನಮಗೆ ತೋಚುತ್ತದೆ.

ಎತ್ತತಕ್ಕವರು ಯಾರೆಂದು ಕೇಳುವದಕ್ಕೆ ಮುಂಚೆ, ಎಸೆದದ್ದು ಎಲ್ಲಿಗೆ ಹೋಗುತ್ತದೆಂಬದನ್ನು ನೋಡೋಣ. ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ರಾಜಾಜಿನಗರದ ಮಗ್ಗುಲಿಗೆ ಕುರುಬರಹಳ್ಳಿ ಎಂಬ ಸ್ಥಳವುಂಟು. ಹೆಸರಿನಲ್ಲಿ ಮಾತ್ರ ಅದು ಹಳ್ಳಿ. ಪಟ್ಟಣವು ಅದನ್ನು ಎಂದೋ ನುಂಗಿಬಿಟ್ಟಿದೆ. ಅಲ್ಲಿ ಮಳೆಯ ನೀರು ಹರಿಯುವ ರಾಜಕಾಲುವೆ ಇದೆ. ಆ ನೀರು ವೃಷಭಾವತಿ ಹೊಳೆಯನ್ನು ಸೇರಿ, ಕೆಂಗೇರಿಯನ್ನು ದಾಟಿ, ಬಿಡದಿಯ ಬಳಿಯ ಬೈರಮಂಗಲದ ಕೆರೆಗೆ ಇಳಿದು, ಅರ್ಕಾವತಿಯನ್ನು ಕೂಡಿ, ಕನಕಪುರದ ಸೀಮೆಯ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಹೀಗಿರಲಾಗಿ ಕುರುಬರಹಳ್ಳಿಯ ಓಣಿಯಲ್ಲಿ ಒಬ್ಬನು ಬಿಸಾಡಿದ ಚೀಲವು ಅಲ್ಲಿಯೇ ನಿಲ್ಲುವದಿಲ್ಲ. ಅದು ಕಾಲುವೆಯನ್ನು ಕಟ್ಟಿ ಅವನ ನೆರೆಯವನ ಮನೆಗೆ ನೀರು ನುಗ್ಗಿಸಬಹುದು. ಇಲ್ಲವೆ ತೇಲಿಹೋಗಿ, ಅವನು ಎಂದೂ ನೋಡದ ಒಬ್ಬ ರೈತನ ಗದ್ದೆಯ ಬದುವಿಗೆ ಹತ್ತಬಹುದು.

2017ನೇ ಇಸವಿಯಲ್ಲಿ ಆ ಕಾಲುವೆಯು ಬಹು ದುಃಖಕ್ಕೆ ಕಾರಣವಾಯಿತು. ಮೇ ತಿಂಗಳ ದೊಡ್ಡ ಮಳೆಯಲ್ಲಿ, ಕಾಲುವೆಯ ಕೆಲಸದಲ್ಲಿದ್ದ ಒಬ್ಬ ಕೂಲಿಯಾಳು ನೀರಿನಲ್ಲಿ ಕೊಚ್ಚಿಕೊಂಡು ಹೋದನು. ಅದೇ ವರುಷ ಅಕ್ಟೋಬರ್ 13ರ ರಾತ್ರಿ ಮಳೆಯು ಭಯಂಕರವಾಗಿ ಸುರಿದಾಗ ಒಬ್ಬ ಅರ್ಚಕರೂ ತಾಯಿ ಮಗಳಿಬ್ಬರೂ ಅದೇ ಕುರುಬರಹಳ್ಳಿಯಲ್ಲಿ ಪ್ರವಾಹದ ಪಾಲಾದರು. ಮಳೆಯು ಮಿತಿಮೀರಿ ಬಂದದ್ದು ನಿಜ. ಪಟ್ಟಣವು ಬೆಳೆದಂತೆ ಕಾಲುವೆಗಳಿಗೆ ಎಡೆ ಕಡಿಮೆಯಾದದ್ದೂ ನಿಜ. ಕಸವೊಂದೇ ಅವರನ್ನು ಕೊಂದಿತೆಂದು ನಾವು ಹೇಳಲಾರೆವು. ಆದಾಗ್ಯೂ ಹೂಳೂ ಕಸವೂ ತುಂಬಿದ ಕಾಲುವೆಯಲ್ಲಿ ನೀರಿಗೆ ದಾರಿ ಇರುವದಿಲ್ಲವೆಂಬದು ಮಕ್ಕಳಿಗೂ ತಿಳಿಯುವ ಸಂಗತಿ. ಆ ಹೂಳನ್ನು ತೆಗೆಯುವದಕ್ಕೆ ಕಾಲುವೆಗೆ ಇಳಿಯುವವನು ಎಸೆದವನಲ್ಲ, ಬಡ ಕೂಲಿಯವನು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳೋಣ.

ಗಾಡಿಯಲ್ಲಿ ತುಂಬಿ ಸಾಗಿಸಿದ ಕಸದ ಸಂಗತಿಯೂ ಹೀಗೆಯೇ. ಬೆಂಗಳೂರಿನ ಕಸವನ್ನು ಬಹು ವರುಷ ಮಾವಳ್ಳಿಪುರದಲ್ಲಿಯೂ ಮಂಡೂರಿನಲ್ಲಿಯೂ ಸುರಿದರು. ಎರಡೂ ಹಳ್ಳಿಗಳೇ. ಅಲ್ಲಿಯವರು ದುರ್ವಾಸನೆಯನ್ನೂ ನೊಣಗಳನ್ನೂ ಕೆಟ್ಟ ನೀರನ್ನೂ ತಾಳಲಾರದೆ ಎದ್ದುನಿಂತದ್ದರಿಂದ, 2012ರಲ್ಲಿ ಮಾವಳ್ಳಿಪುರದಲ್ಲಿಯೂ 2014ರ ಕೊನೆಯಲ್ಲಿ ಮಂಡೂರಿನಲ್ಲಿಯೂ ಸುರಿಯುವದು ನಿಂತಿತು. ಹಳ್ಳಿಯವರಾದ ನಮ್ಮ ವಾಚಕರು ಇದರಿಂದ ಒಂದು ಸತ್ಯವನ್ನು ಕಲಿಯಬೇಕು. ಅದೇನಂದರೆ, ಎಸೆದ ವಸ್ತುವು ಹೋಗಿಬಿಡುವದಿಲ್ಲ. ಕಣ್ಣಿಗೆ ಮರೆಯಾಗಿ ಮತ್ತೊಬ್ಬರ ಬಾಗಿಲಿಗೆ ಸೇರುತ್ತದೆ. ಆದದರಿಂದ ಎಸೆಯುವದು ನೆರೆಯವನಿಗೆ ಸಂಬಂಧಪಟ್ಟ ಕ್ರಿಯೆಯಾಗಿದೆ. ನನ್ನ ನೆರೆಯವನು ಯಾರೆಂದು ನ್ಯಾಯಶಾಸ್ತ್ರಿಯು ಕರ್ತನನ್ನು ಕೇಳಿದನಷ್ಟೆ. ಹೊಳೆಯ ಕೆಳಗಡೆ ಇರುವವನೂ ನಿನ್ನ ನೆರೆಯವನೇ ಎಂದು ಈ ಕಾಲದಲ್ಲಿ ನಾವು ಉತ್ತರ ಕೊಡಬೇಕಾಗಿದೆ.

ಈಗ ವೃದ್ಧರ ಪ್ರಶ್ನೆಗೆ ಬರೋಣ. ಅವರ ಹಿರಿಯರಿಗೆ ಆದ ಅವಮಾನವು ಯಾವದರಲ್ಲಿತ್ತು? ಪೊರಕೆಯಲ್ಲಿ ಇರಲಿಲ್ಲ. ತಾಯಿಯು ದಿನಾಲು ಮನೆಯನ್ನು ಗುಡಿಸುತ್ತಾಳೆ, ಕೂಸಿನ ಹೊಲಸನ್ನು ತೊಳೆಯುತ್ತಾಳೆ. ಅವಳನ್ನು ಹೀನಳೆಂದು ಹೇಳುವವರು ಯಾರು? ಒಂದು ಕುಲದವರು ಎಸೆಯುವದಕ್ಕೂ ಮತ್ತೊಂದು ಕುಲದವರು ಎತ್ತುವದಕ್ಕೂ ಹುಟ್ಟಿದವರೆಂದು ಗೊತ್ತುಮಾಡಿದ್ದೇ ಆ ಅವಮಾನವು. ನಮ್ಮ ರಾಜ್ಯದಲ್ಲಿ ಮಲವನ್ನು ತಲೆಯ ಮೇಲೆ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ನಿಲ್ಲಿಸಲು ಮುಂದಾದರು. 1993ರಲ್ಲಿಯೂ 2013ರಲ್ಲಿಯೂ ದೇಶಕ್ಕೆಲ್ಲಾ ಕಾಯಿದೆಗಳಾದವು. ಆದರೆ ಕಾಯಿದೆಯು ಬುಟ್ಟಿಯನ್ನು ತಲೆಯಿಂದ ಇಳಿಸಬಲ್ಲದೇ ಹೊರತು, ತಾನು ಎಸೆದದ್ದನ್ನು ಬೇರೊಬ್ಬನು ಎತ್ತಲಿ ಎಂಬ ಮನಸ್ಸನ್ನು ತೆಗೆಯಲಾರದು. ಆ ಮನಸ್ಸು ನಮ್ಮೊಳಗೂ ಹೊಕ್ಕಿರಬಹುದು. ಓದಿ ಉದ್ಯೋಗಕ್ಕೆ ಸೇರಿದ ನಮ್ಮ ಮಕ್ಕಳು ಬಸ್ಸಿನ ಕಿಟಕಿಯಿಂದ ಹೊರಗೆ ಎಸೆಯುವಾಗ, ಹಿಂದೆ ತಮ್ಮ ತಾತನ ಮುಂದೆ ಎಸೆದವರ ಸ್ಥಾನದಲ್ಲಿ ತಾವು ಕೂತಿರುತ್ತಾರೆ. ಪೊರಕೆಯಿಂದ ತಪ್ಪಿಸಿಕೊಂಡು ಇನ್ನೊಬ್ಬನ ಕೈಗೆ ಅದನ್ನು ದಾಟಿಸುವದು ಬಿಡುಗಡೆಯಲ್ಲ.

ನಮ್ಮ ಕರ್ತನು ಸೊಂಟಕ್ಕೆ ಕೈಪಾವಡವನ್ನು ಕಟ್ಟಿಕೊಂಡು ಶಿಷ್ಯರ ಕಾಲುಗಳನ್ನು ತೊಳೆದನು. ಅದು ಆಳಿನ ಕೆಲಸವಾಗಿತ್ತು. ಆತನನ್ನು ಯಾರೂ ಬಲವಂತಮಾಡಲಿಲ್ಲ. ಮತ್ತು ಆತನು ಅವರಲ್ಲಿ ಒಬ್ಬನನ್ನು ಆರಿಸಿ, ಇನ್ನು ಮುಂದೆ ನೀನೇ ಎಲ್ಲರ ಕಾಲನ್ನು ತೊಳೆಯುತ್ತಿರು ಎಂದು ನೇಮಿಸಲಿಲ್ಲ. ಒಬ್ಬರು ಮತ್ತೊಬ್ಬರಿಗೆ ಹಾಗೆ ಮಾಡತಕ್ಕದ್ದೆಂದು ಎಲ್ಲರಿಗೂ ಅಪ್ಪಣೆಕೊಟ್ಟನು. ಇದೇ ನಮಗೆ ಅಳತೆಗೋಲು. ಎಲ್ಲರೂ ಮನಃಪೂರ್ವಕವಾಗಿ ಹಂಚಿಕೊಂಡದ್ದು ಸೇವೆ. ಕೆಲವರ ಮೇಲೆ ಮಾತ್ರ ಹೊರಿಸಿದ್ದು ದಾಸತ್ವ. ಆದಕಾರಣ ಶುಚಿಮಾಡುವ ದಿನದಲ್ಲಿ ಗೌಡರ ಮಗನೂ ಬೋಧಕರ ಮಗಳೂ ಕೂಲಿಯವನ ಮಗನೂ ಒಂದೇ ಸಾಲಿನಲ್ಲಿ ಬೊಗ್ಗಬೇಕು. ಎಲ್ಲಿಯಾದರೂ ಬಡ ಮಕ್ಕಳ ಕೈಯಿಂದ ಮಾತ್ರ, ಅಥವಾ ಹುಡುಗಿಯರ ಕೈಯಿಂದ ಮಾತ್ರ ಗುಡಿಸಿದರೆ, ಸಭೆಯ ಹಿರಿಯರು ವಿನಯದಿಂದಲೂ ಧೈರ್ಯದಿಂದಲೂ ಅದನ್ನು ತಡೆಯಬೇಕು. ಯಾವ ಮಗುವನ್ನೂ ಕಾಲುವೆಗೆ ಇಳಿಸಬಾರದು. ಗಾಜು, ಸೂಜಿ ಇಂಥವುಗಳನ್ನು ಮುಟ್ಟಗೊಡಿಸಬಾರದು. ಕೈಗವಸಿಲ್ಲದೆ ಕೆಲಸಕ್ಕೆ ಹಚ್ಚಬಾರದು.

ಕೆಲವರು, "ಗುಡಿಸುವದಕ್ಕೆ ಸಂಬಳದ ಪೌರಕಾರ್ಮಿಕರಿದ್ದಾರಲ್ಲಾ" ಎನ್ನುವರು. ಅವರಿಗೆ ಸಂಬಳವು ಬೀದಿಯನ್ನು ಗುಡಿಸುವದಕ್ಕೆ ಸಲ್ಲುತ್ತದೆಯೇ ಹೊರತು, ಹಳಸಿದ ಅನ್ನದೊಳಗೆ ನಾವು ಸೇರಿಸಿದ ಒಡೆದ ಗಾಜನ್ನು ಕೈಯಿಂದ ಹೆಕ್ಕುವದಕ್ಕಲ್ಲ. ಹಸಿ ಕಸವನ್ನೂ ಒಣ ಕಸವನ್ನೂ ಅಪಾಯಕರವಾದದ್ದನ್ನೂ ಮನೆಯಲ್ಲಿಯೇ ಬೇರೆಬೇರೆ ಮಾಡಿ ಕೊಡಬೇಕೆಂದು 2016ರಲ್ಲಿ ಕೇಂದ್ರ ಸರಕಾರದವರು ನಿಯಮ ಮಾಡಿದರು. ಬೆಂಗಳೂರಿನಲ್ಲಿ ಚಿಂದಿ ಆಯುವವರಿಗೆ 2011ರಲ್ಲಿ ನಗರಪಾಲಿಕೆಯವರು ಗುರುತಿನ ಚೀಟಿಯನ್ನು ಕೊಡಲಾರಂಭಿಸಿದರು. ಊರನ್ನು ಶುಚಿಮಾಡುವವರು ಕಳ್ಳರಲ್ಲ, ಕೆಲಸಗಾರರು ಎಂದು ಒಪ್ಪಿಕೊಂಡದ್ದು ಯುಕ್ತವೇ. ನಾವಾದರೋ ಅವರನ್ನು ಹೆಸರು ಹಿಡಿದು ಮಾತಾಡಿಸಿ, ಅವರ ಕೈಗೆ ಗಾಯವಾಗದಂತೆ ಕಸವನ್ನು ಬೇರೆಮಾಡಿ ಕೊಡುವದರಿಂದ ಪ್ರಾರಂಭಿಸಬಹುದು.

ಇನ್ನೊಂದು ಎಚ್ಚರಿಕೆಯೂ ಅವಶ್ಯ. ಒಂದು ದಿನ ಗುಡಿಸಿ, ಚಿತ್ರ ತೆಗೆಯಿಸಿಕೊಂಡು, ಮರುದಿನ ಅಲ್ಲಿಯೇ ಎಸೆಯುವದು ಫರಿಸಾಯರ ಉಪವಾಸದಂತಿದೆ. 2010ರಲ್ಲಿ ಬೆಂಗಳೂರಿನಲ್ಲಿ ಅಗ್ಲಿ ಇಂಡಿಯನ್ ಎಂಬ ಒಂದು ಗುಂಪು ಹೊರಟಿತು. ಅದರವರು ತಮ್ಮ ಹೆಸರನ್ನು ಹೇಳಿಕೊಳ್ಳದೆ, ಹೊಲಸಾದ ಒಂದೊಂದು ಮೂಲೆಯನ್ನು ಆರಿಸಿಕೊಂಡು, ಗುಡಿಸಿ, ಬಣ್ಣ ಬಳಿದು, ಜನರು ಮತ್ತೆ ಅಲ್ಲಿ ಎಸೆಯುವದಕ್ಕೆ ನಾಚುವಂತೆ ಮಾಡಿದರು. ಬಲಗೈ ಮಾಡಿದ್ದನ್ನು ಎಡಗೈಗೆ ತಿಳಿಸಬಾರದೆಂಬ ಉಪದೇಶವನ್ನು ಕೇಳಿದ ನಮಗೆ ಇದು ಹೊಸದಾಗಿ ತೋರಬಾರದು. ಎಸ್ತೋನಿಯ ಎಂಬ ಚಿಕ್ಕ ದೇಶದಲ್ಲಿ 2008ರ ಮೇ 3ರಂದು ಸುಮಾರು 50,000 ಜನರು ಕೂಡಿ ಒಂದೇ ದಿನದಲ್ಲಿ ಸುಮಾರು 10,000 ಟನ್ ಕಸವನ್ನು ಎತ್ತಿದರು. ಅದು ದೊಡ್ಡ ಕೆಲಸವೇ. ಆದರೆ ಅಷ್ಟು ಕಸವು ಕಾಡಿನೊಳಗೂ ದಾರಿಯ ಮಗ್ಗುಲಲ್ಲಿಯೂ ಹೇಗೆ ಬಿತ್ತೆಂದು ಕೇಳಿಕೊಳ್ಳದಿದ್ದರೆ ಎತ್ತಿದ ಶ್ರಮವು ಬುಡವಿಲ್ಲದ ಕೊಡಕ್ಕೆ ನೀರು ಹೊಯ್ದಂತಾದೀತು.

ಆದದರಿಂದ ಎತ್ತುವದರ ನಿಜವಾದ ಫಲವು ಕಲಿಯುವದೇ. ಪರಿಸರದ ವಿಷಯವನ್ನು ಶಾಲೆಗಳಲ್ಲಿ ಕಲಿಸಬೇಕೆಂದು 1991ರಲ್ಲಿ ಸುಪ್ರೀಂ ಕೋರ್ಟಿನವರು ಆಜ್ಞಾಪಿಸಿದರು. ಪುಸ್ತಕದ ಪಾಠವು ಬೇಕು. ಆದರೆ ಮಗುವು ತಾನು ಎತ್ತಿದ ರಾಶಿಯ ಮುಂದೆ ಕೂತು, ಇದರಲ್ಲಿ ಕೊಳೆಯುವದೆಷ್ಟು, ಕೊಳೆಯದಿರುವದೆಷ್ಟು, ಇದು ಯಾವ ಅಂಗಡಿಯಿಂದ ಬಂತು, ನಮ್ಮ ಮನೆಯಿಂದ ಬಂದದ್ದು ಯಾವದು ಎಂದು ಬೇರೆಮಾಡಿ ನೋಡಿದರೆ ಆ ಪಾಠವು ಮರೆಯದು. ಹಿಂದೆ ನಮ್ಮ ಹಳ್ಳಿಗಳಲ್ಲಿ ಎಲ್ಲವೂ ತಿಪ್ಪೆಗೆ ಸೇರಿ, ಗೊಬ್ಬರವಾಗಿ, ಹೊಲಕ್ಕೆ ಹೋಗುತ್ತಿತ್ತು. ಈಗ ಅದೇ ತಿಪ್ಪೆಯಲ್ಲಿ ಪ್ಲಾಸ್ಟಿಕ್ ಬಿದ್ದು, ದನಗಳು ತಿಂದು ಸಾಯುತ್ತವೆ. ಸುಟ್ಟರೆ ವಿಷದ ಹೊಗೆಯೇಳುತ್ತದೆ. ತೆಳು ಚೀಲಗಳನ್ನು ನಮ್ಮ ರಾಜ್ಯದವರು 2016ರಲ್ಲಿ ನಿಷೇಧಿಸಿದರು. ಒಮ್ಮೆ ಮಾತ್ರ ಬಳಸುವ ಹಲವು ವಸ್ತುಗಳನ್ನು ದೇಶದಲ್ಲೆಲ್ಲಾ 2022ರ ಜುಲೈ 1ರಿಂದ ನಿಷೇಧಿಸಲಾಯಿತು. ಆದರೂ ನಮ್ಮ ಮದುವೆಗಳಲ್ಲಿಯೂ ಸುಗ್ಗಿಯ ಹಬ್ಬದ ಊಟಗಳಲ್ಲಿಯೂ ಮುತ್ತುಗದ ಎಲೆಯ ಸ್ಥಳದಲ್ಲಿ ಏನು ಹಾಸುತ್ತೇವೆಂದು ಒಬ್ಬೊಬ್ಬರೂ ನೋಡಿಕೊಳ್ಳಬೇಕು. ಐದು ಸಾವಿರ ಜನರು ಉಂಡ ಮೇಲೆ ಮಿಕ್ಕ ತುಂಡುಗಳನ್ನು ಕೂಡಿಸಿರೆಂದು ಕರ್ತನು ಶಿಷ್ಯರಿಗೆ ಹೇಳಿದನು. ಹುಲ್ಲಿನ ಮೇಲೆ ಬಿಟ್ಟುಹೋಗಲಿಲ್ಲ. ಅದ್ಭುತವನ್ನು ಮಾಡಬಲ್ಲಾತನೂ ಮಿಕ್ಕದ್ದನ್ನು ಹಾಳುಮಾಡಗೊಡಲಿಲ್ಲ.

ಮೋಶೆಯ ಧರ್ಮಶಾಸ್ತ್ರದಲ್ಲಿ, ದೇವರು ಪಾಳೆಯದ ಮಧ್ಯದಲ್ಲಿ ತಿರುಗಾಡುವದರಿಂದ ಅದು ಶುದ್ಧವಾಗಿರಬೇಕೆಂದೂ, ಪ್ರತಿಯೊಬ್ಬನೂ ತನ್ನದನ್ನು ತಾನೇ ಮುಚ್ಚಬೇಕೆಂದೂ ವಿಧಿಯುಂಟು. ಅಲ್ಲಿ ಮುಚ್ಚುವದಕ್ಕೆ ಒಂದು ಕುಲವನ್ನು ನೇಮಿಸಲಿಲ್ಲ. ಸಲಿಕೆಯು ಎಲ್ಲರ ಕೈಯಲ್ಲಿಯೂ ಇತ್ತು.

ವೃದ್ಧರಾದ ತಂದೆಗಳೇ, ನಿಮ್ಮ ಪ್ರಶ್ನೆಗೆ ನಮ್ಮ ಉತ್ತರವು ಇದೇ: ನಿಮ್ಮ ಮೊಮ್ಮಕ್ಕಳು ಬೊಗ್ಗಲಿ, ಆದರೆ ಒಬ್ಬರೇ ಬೊಗ್ಗದಿರಲಿ. ನಿಮ್ಮ ತಂದೆತಾತಂದಿರ ಕಥೆಯನ್ನು ಆ ದಿನ ನೀವೇ ಅವರೆಲ್ಲರಿಗೂ ಹೇಳಿರಿ. ಅದನ್ನು ಕೇಳಿದ ಮಗುವು ಎಸೆಯುವದಕ್ಕೆ ಕೈ ಎತ್ತುವಾಗ, ಇದನ್ನು ಎತ್ತುವವನು ಯಾರೆಂದು ನೆನಸೀತು. ಹಾಗೆ ನೆನಸುವ ಮಕ್ಕಳನ್ನು ದೇವರು ನಮ್ಮ ಪ್ರತಿಯೊಂದು ಸಭೆಯಲ್ಲಿಯೂ ಎಬ್ಬಿಸಲಿ.