ಅತಿವಾಹನವೂ ಮೂರನೆಯ ಸಾಲೂ

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹಪರಿಮಾಣ ಅಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಮೊದಲನೆಯದು ಅತಿವಾಹನ, ಕೊನೆಯದು ಅತಿಭಾರವಹನ. ನಡುವಿನವು ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭಗಳು. ಲೋಭದ ದೆಸೆಯಿಂದ ಎತ್ತು ಮೊದಲಾದವುಗಳನ್ನು ಅವು ಸುಖವಾಗಿ ನಡೆಯಬಲ್ಲ ದಾರಿಗಿಂತ ಹೆಚ್ಚು ದೂರ ನಡೆಸುವುದೇ ಅತಿವಾಹನವೆಂದು ಟೀಕೆಯು ವಿವರಿಸುತ್ತದೆ. ಪ್ರಯೋಜನಕ್ಕೆ ಮೀರಿ ವಾಹನಗಳನ್ನು ಇರಿಸಿಕೊಳ್ಳುವುದೆಂದು ಅರ್ಥೈಸಿದವರೂ ಉಂಟು. ಪೇಟೆಯ ಗೃಹಸ್ಥನ ಮನೆಯಲ್ಲಿ ಎತ್ತೂ ಇಲ್ಲ, ನೊಗವೂ ಇಲ್ಲ. ಆದಕಾರಣ ಈ ಅತಿಚಾರವು ತನಗೆ ಸಂಬಂಧಿಸಿದ್ದಲ್ಲವೆಂದು ಬಗೆದು ಸ್ವಾಧ್ಯಾಯದಲ್ಲಿ ಅದನ್ನು ಓದಿ ಮುಂದೆ ಸಾಗುವವರೇ ಹೆಚ್ಚು. ಮೂರು ಸಾಲು ಆಸನಗಳ ವಿದ್ಯುತ್ ಕಾರು ಆ ಹಳೆಯ ಶಬ್ದವನ್ನು ಮತ್ತೆ ತೆರೆದು ನೋಡುವಂತೆ ಮಾಡಿದೆ.

ಮೂರು ಸಾಲು ಆಸನಗಳ ವಿದ್ಯುತ್ ಕಾರು ಈಚಿನವರೆಗೂ ಸಾಧಾರಣ ವರ್ತಕನ ಆಲೋಚನೆಗೆ ಬರುವ ವಸ್ತುವಾಗಿರಲಿಲ್ಲ. 2024ರ ಅಕ್ಟೋಬರಿನಲ್ಲಿ ಬಂದ ಕಿಯಾ ಇವಿ9 ವಾಹನದ ಬೆಲೆ ಕೋಟಿ ರೂಪಾಯಿಗೂ ಮಿಕ್ಕಿತ್ತು. 2025ರ ಜುಲೈಯಲ್ಲಿ ಅದೇ ಸಂಸ್ಥೆಯ ಕ್ಯಾರೆನ್ಸ್ ಕ್ಲಾವಿಸ್ ಇವಿ 18 ಲಕ್ಷದ ಸಮೀಪದಿಂದಲೂ, ನವೆಂಬರಿನಲ್ಲಿ ಮಹೀಂದ್ರದ ಎಕ್ಸ್‌ಇವಿ 9ಎಸ್ 20 ಲಕ್ಷದ ಸಮೀಪದಿಂದಲೂ ಮೊದಲಾಗುವ ಬೆಲೆಗೆ ಬಂದ ಬಳಿಕ ಸ್ಥಿತಿ ಬದಲಾಯಿತು. ಹೊಗೆಯಿಲ್ಲ, ಸದ್ದಿಲ್ಲ, ಮನೆಮಂದಿಯೆಲ್ಲ ಒಂದೇ ಬಂಡಿಯಲ್ಲಿ ಎಂಬ ಮಾತು ಅಹಿಂಸೆಯ ಉಪದೇಶದಂತೆಯೇ ಕಿವಿಗೆ ಬೀಳುತ್ತದೆ. ಕೊಳ್ಳುವ ಆಸೆಯು ಧರ್ಮದ ಭಾಷೆಯನ್ನು ಕಲಿತುಕೊಂಡಾಗ ಶ್ರಾವಕನು ಮಾಮೂಲಿಗಿಂತ ಹೆಚ್ಚು ಎಚ್ಚರದಿಂದಿರುವುದು ಲೇಸು.

ದಾವಣಗೆರೆಯಲ್ಲಿ ಒಂದು ಕುಟುಂಬವನ್ನು ಊಹಿಸಿಕೊಳ್ಳಬಹುದು. ಮಂಡಿಪೇಟೆಯಲ್ಲಿ ಅಂಗಡಿ, ಪಿ.ಜೆ. ಬಡಾವಣೆಯಲ್ಲಿ ಮನೆ. ಮನೆಯಲ್ಲಿ ಅಜ್ಜಿ, ಹಿರಿಯ ಮಗ, ಸೊಸೆ, ಕಾಲೇಜಿಗೆ ಹೋಗುವ ಮೊಮ್ಮಗ. ಕಿರಿಯ ಮಗನು ಪಾಲಾದ ಮೇಲೆ ಹದಿನಾಲ್ಕು ಕಿಲೋಮೀಟರು ದೂರದ ಹರಿಹರದಲ್ಲಿ ಹೆಂಡತಿ, ಮಗಳೊಡನೆ ನೆಲೆಸಿದ್ದಾನೆ. ಎರಡು ಮನೆ, ಎರಡು ಪೆಟ್ರೋಲ್ ಕಾರು. ಶ್ರವಣಬೆಳಗೊಳಕ್ಕೋ ಹೊಂಬುಜಕ್ಕೋ ಹೊರಟರೆ ಎರಡೂ ಒಂದರ ಹಿಂದೊಂದು ಹೊರಡುತ್ತವೆ. ಅಜ್ಜಿಗೆ ಮಂಡಿನೋವು. ಕುಟುಂಬವು ಒಟ್ಟಿಗಿದ್ದ ಕಾಲದಲ್ಲಿ ಅವರು ಮುನಿಗಳ ಸನ್ನಿಧಿಯಲ್ಲಿ ಪರಿಗ್ರಹದ ಪರಿಮಾಣ ಮಾಡಿಕೊಂಡಾಗ ಮನೆಗೆ ಒಂದೇ ವಾಹನವೆಂದು ಹೇಳಿದ್ದರು. ಈಗ ಹಿರಿಯ ಮಗನು ತನ್ನ ಹಳೆಯ ಕಾರನ್ನು ಕೊಟ್ಟು ಏಳು ಆಸನದ ವಿದ್ಯುತ್ ವಾಹನವನ್ನು ತರಬೇಕೆಂದಿದ್ದಾನೆ. ಒಂದು ಹೋಗುತ್ತದೆ, ಒಂದು ಬರುತ್ತದೆ. ವ್ರತಕ್ಕೆ ಭಂಗವಿಲ್ಲ ಎಂಬುದು ಅವನ ವಾದ.

ಎಣಿಕೆಯಲ್ಲಿ ಭಂಗವಿಲ್ಲ, ನಿಜ. ಆದರೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ವಸ್ತುವಿನ ಎಣಿಕೆಯಿಂದ ಹೇಳದೆ ಮೂರ್ಛೆಯಿಂದ ಹೇಳಿದ್ದಾರೆ. ಮೂರ್ಛೆಯನ್ನು ಹೊರಗಿನವರು ಅಳೆಯಲಾರರು. ಹೊರಗಿನವರಿಗೆ ಕಾಣುವುದು ಉಪಯೋಗ ಮಾತ್ರ. ಆದ್ದರಿಂದ ಮೊದಲು ಅದನ್ನೇ ನೋಡುವುದು ನ್ಯಾಯ.

ವಿದ್ಯುತ್ ಕಾರಿನ ಬ್ಯಾಟರಿಯು ನೆಲಹಾಸಿನ ಅಡಿಯಲ್ಲಿ ಹಾಸಿಕೊಂಡಿರುತ್ತದೆ. ಅದರ ದಪ್ಪದಷ್ಟು ಕಾಲಿಡುವ ನೆಲ ಮೇಲೇಳುತ್ತದೆ. ಮೂರನೆಯ ಸಾಲಿನ ಆಸನವನ್ನು ಚಾವಣಿಯ ಕಾರಣದಿಂದ ಅಷ್ಟೇ ಎತ್ತರಿಸಲಾಗುವುದಿಲ್ಲ. ಪರಿಣಾಮವಾಗಿ ಅಲ್ಲಿ ಕುಳಿತವರ ಮೊಣಕಾಲು ಎದೆಯ ಕಡೆಗೆ ಬರುತ್ತದೆ. ಒಳಗೆ ಹೋಗಬೇಕಾದರೆ ನಡುವಿನ ಆಸನವನ್ನು ಮಡಿಸಿ, ಬಗ್ಗಿ, ತೂರಬೇಕು. ಮಂಡಿನೋವಿನ ಅಜ್ಜಿಯಿಂದ ಇದು ಸಾಧ್ಯವಿಲ್ಲ. ಅವರ ಹೆಸರಿನಲ್ಲಿ ಕೊಳ್ಳುವ ಮೂರನೆಯ ಸಾಲಿನಲ್ಲಿ ಅವರು ಒಂದು ದಿನವೂ ಕೂರುವುದಿಲ್ಲ. ಆ ಸಾಲನ್ನು ಎತ್ತಿ ನಿಲ್ಲಿಸಿದರೆ ಹಿಂದೆ ಉಳಿಯುವ ಜಾಗದಲ್ಲಿ ಎರಡು ಚೀಲ ಹಿಡಿದಾವು. ಏಳು ಜನರ ಹಾಸಿಗೆ, ಪೂಜಾಸಾಮಗ್ರಿ, ಸೋಸಿದ ನೀರಿನ ಪಾತ್ರೆ, ಬುತ್ತಿ ಇವುಗಳಿಗೆ ಸ್ಥಳವೆಲ್ಲಿ? ಮಾರುವವರು ಏಳು ಆಸನಗಳನ್ನೂ ತೋರಿಸುತ್ತಾರೆ, ದೊಡ್ಡ ಡಿಕ್ಕಿಯನ್ನೂ ತೋರಿಸುತ್ತಾರೆ. ಎರಡನ್ನೂ ಏಕಕಾಲದಲ್ಲಿ ತೋರಿಸುವುದಿಲ್ಲ. ಕೊಳ್ಳುವ ಮುನ್ನ ಮನೆಯ ಏಳೂ ಜನರನ್ನು ಕೂರಿಸಿ, ಗಂಟುಮೂಟೆಯನ್ನೂ ಇಟ್ಟು ನೋಡಿದ ಮನೆಗಳು ಬಹಳವಿರಲಾರವು.

ಜಾಹೀರಾತಿನ ದೂರವೂ ಹಾಗೆಯೇ. ಕ್ಲಾವಿಸ್ ಇವಿಯ ಎರಡು ಬ್ಯಾಟರಿಗಳಿಗೆ 404 ಮತ್ತು 490 ಕಿಲೋಮೀಟರೆಂದು ಸಂಸ್ಥೆ ಹೇಳುತ್ತದೆ. ಅವು ಪರೀಕ್ಷೆಯ ಅಂಕಿಗಳು. ಏಳು ಜನ, ಸಾಮಾನು, ಹೆದ್ದಾರಿಯ ವೇಗ, ತಂಪುಯಂತ್ರ ಎಲ್ಲ ಸೇರಿದರೆ ಅಷ್ಟು ಸಿಗದು. ದಾವಣಗೆರೆಯಿಂದ ಶ್ರವಣಬೆಳಗೊಳಕ್ಕೆ 200 ಕಿಲೋಮೀಟರಿಗೂ ಮಿಕ್ಕ ದಾರಿ. ಹೋಗುವುದಕ್ಕೆ ತೊಂದರೆಯಿಲ್ಲ, ಮರಳುವಾಗ ಒಮ್ಮೆ ಚಾರ್ಜಿಗೆ ನಿಲ್ಲಬೇಕಾದೀತು. ಆ ನಿಲುಗಡೆಯನ್ನು ಸೂರ್ಯಾಸ್ತದ ಮುಂಚಿನ ಊಟದ ವೇಳೆಗೆ ಹೊಂದಿಸಿಕೊಂಡರೆ ರಾತ್ರಿಭೋಜನತ್ಯಾಗ ಮಾಡಿದವರಿಗೆ ಅದು ಅನುಕೂಲವೇ ಸರಿ. ವಿಂಧ್ಯಗಿರಿಯ ಮೆಟ್ಟಿಲುಗಳನ್ನು ಮಾತ್ರ ಯಾವ ಬ್ಯಾಟರಿಯೂ ಕಡಿಮೆ ಮಾಡಲಾರದು.

ಹಿಂಸೆಯ ಲೆಕ್ಕಕ್ಕೆ ಬಂದರೆ ವಾಹನದ ಪಕ್ಷವು ದುರ್ಬಲವಲ್ಲ. ಪೆಟ್ರೋಲಿನ ಹೊಗೆಯು ದಾರಿಹೋಕರ ಶ್ವಾಸಕ್ಕೆ ಸೇರುವುದು ತಪ್ಪುತ್ತದೆ. ಕರ್ನಾಟಕದ ವಿದ್ಯುತ್ತಿನಲ್ಲಿ ಶರಾವತಿಯ ಜಲವೂ, ಪಾವಗಡದ ಬಿಸಿಲೂ, ಚಿತ್ರದುರ್ಗದ ಗುಡ್ಡಗಳ ಗಾಳಿಯೂ ಸೇರಿವೆ. ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲೂ ಸೇರಿದೆ ಎಂಬುದನ್ನು ಮರೆಯಬಾರದು. ಬ್ಯಾಟರಿಗೆ ಬೇಕಾದ ಲಿಥಿಯಂ ಚಿಲಿ, ಅರ್ಜೆಂಟೀನಗಳ ಉಪ್ಪುಸರೋವರಗಳಿಂದಲೂ ಆಸ್ಟ್ರೇಲಿಯದ ಗಣಿಗಳಿಂದಲೂ ಬರುತ್ತದೆ. ಪೃಥ್ವೀಕಾಯ, ಅಪ್ಕಾಯ ಜೀವಗಳ ವಿರಾಧನೆಯನ್ನು ಎಣಿಸುವ ಧರ್ಮಕ್ಕೆ ಅದೂ ಲೆಕ್ಕವೇ. ವಿದ್ಯುತ್ತು ಸಚಿತ್ತ ತೇಜಸ್ಕಾಯವೋ ಅಚಿತ್ತವೋ ಎಂಬುದರಲ್ಲಿ ಶ್ವೇತಾಂಬರ ಪರಂಪರೆಗಳಲ್ಲಿಯೇ ಏಕಾಭಿಪ್ರಾಯವಿಲ್ಲ. ಇವೆಲ್ಲವನ್ನೂ ತೂಗಿದರೂ, ಎರಡು ಪೆಟ್ರೋಲ್ ಕಾರುಗಳಲ್ಲಿ ಹೋಗುವ ಏಳು ಜನರು ಒಂದು ವಿದ್ಯುತ್ ವಾಹನದಲ್ಲಿ ಹೋದರೆ ಆರಂಭವು ಅಲ್ಪವಾಗುತ್ತದೆ ಎನ್ನಲು ಅಡ್ಡಿಯಿಲ್ಲ. ಸರ್ವಥಾ ನಿರ್ದೋಷವೆಂದರೆ ಮಾತ್ರ ಅದು ಏಕಾಂತ.

ತೊಡಕು ಇರುವುದು ಬೇರೆಡೆ. ಎತ್ತು ದಣಿಯುತ್ತಿತ್ತು. ಅದರ ಬಾಯಿಯ ನೊರೆಯನ್ನು ನೋಡಿ, ಕರುಣೆಯಿಂದಲ್ಲದಿದ್ದರೂ ನಷ್ಟದ ಭಯದಿಂದ, ಬಂಡಿ ಹೊಡೆಯುವವನು ನಿಲ್ಲುತ್ತಿದ್ದನು. ಪೆಟ್ರೋಲು ದಣಿಯದಿದ್ದರೂ ಜೇಬನ್ನು ದಣಿಸುತ್ತಿತ್ತು. ಹರಿಹರಕ್ಕೆ ಹೋಗಿಬರಲು 28 ಕಿಲೋಮೀಟರು. ಪೆಟ್ರೋಲಿನ ಕಾರಿಗೆ ಇನ್ನೂರು ರೂಪಾಯಿ ಆಗುವ ದಾರಿಗೆ, ಮನೆಯಲ್ಲಿ ಚಾರ್ಜು ಮಾಡಿದ ವಿದ್ಯುತ್ ಕಾರಿಗೆ ಸುಮಾರು ಐದು ಯೂನಿಟ್ಟು, ಎಂದರೆ ಮೂವತ್ತು ರೂಪಾಯಿಯ ಆಸುಪಾಸು ಸಾಕು. ಖರ್ಚು ಇಳಿದಾಗ ಹೋಗಬೇಕೇ ಎಂಬ ಪ್ರಶ್ನೆಯೇ ಇಳಿದುಹೋಗುತ್ತದೆ. ವಾರಕ್ಕೊಮ್ಮೆ ಹೋಗುತ್ತಿದ್ದವರು ನಾಲ್ಕು ಸಲ ಹೋಗುತ್ತಾರೆ. ನಡೆದು ಹೋಗಬಹುದಾದ ಮಂಡಿಪೇಟೆಯ ಅಂಗಡಿಗೂ ಅದೇ ಬಂಡಿ ಹೊರಡುತ್ತದೆ. ಬ್ಯಾಟರಿಯೊಂದೇ ಹಲವು ಕ್ವಿಂಟಲ್ ತೂಗುವ ವಾಹನವು ಒಬ್ಬ ಮನುಷ್ಯನನ್ನೂ ಒಂದು ಲೆಕ್ಕದ ಪುಸ್ತಕವನ್ನೂ ಹೊತ್ತು ಆ ಇಕ್ಕಟ್ಟಾದ ಬೀದಿಯಲ್ಲಿ ತಿರುಗಲು ಹೆಣಗುವುದನ್ನು ಅತಿಭಾರವಹನವೆನ್ನದೆ ಮತ್ತೇನೆನ್ನಬೇಕು? ಪ್ರಯೋಜನವಿಲ್ಲದೆ ತಾನು ಸಂಚರಿಸುವುದನ್ನೂ ಇತರರನ್ನು ಸಂಚರಿಸಮಾಡುವುದನ್ನೂ ಸಮಂತಭದ್ರರು ಅನರ್ಥದಂಡದ ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಹಗುರವಾದ ಹಿಂಸೆಯನ್ನು ನಾಲ್ಕು ಪಟ್ಟು ಮಾಡಿದವನು ಉಳಿಸಿದ್ದೇನು?

ದಿಗ್ವ್ರತದ ಮೇರೆಗಳನ್ನು ಹೇಳುವಾಗ ಆಚಾರ್ಯರು ಸಮುದ್ರ, ನದಿ, ಅಡವಿ, ಪರ್ವತಗಳಂತಹ ಪ್ರಸಿದ್ಧ ಗುರುತುಗಳನ್ನು ಹೆಸರಿಸುತ್ತಾರೆ. ದಾವಣಗೆರೆಯವನಿಗೆ ಅಂತಹ ಗುರುತು ದೂರವಿಲ್ಲ. ಹರಿಹರದ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ವ್ಯಾಪಾರ, ಬಂಧುತ್ವಗಳಿಗಾಗಿ ಹೊಳೆಯವರೆಗೆ, ಅದರಾಚೆ ತೀರ್ಥಕ್ಕೂ ಚಿಕಿತ್ಸೆಗೂ ಮಾತ್ರ ಎಂದು ಒಂದು ವರ್ಷದ ಮಟ್ಟಿಗೆ ದೇಶಾವಕಾಶಿಕವನ್ನು ಇಟ್ಟುಕೊಳ್ಳುವುದು ಅಸಾಧ್ಯವಾದ ತಪಸ್ಸೇನೂ ಅಲ್ಲ. ಚಾತುರ್ಮಾಸದಲ್ಲಿ ಮುನಿಗಳು ವಿಹಾರವನ್ನೇ ನಿಲ್ಲಿಸುವಾಗ, ಮಳೆಗಾಲದ ರಾತ್ರಿ ದೀಪದ ಬೆಳಕಿಗೆ ಮುತ್ತುವ ಹುಳುಗಳ ನಡುವೆ ಗೃಹಸ್ಥನು ಓಡಿಸುವ ಬಂಡಿ ಯಾವ ಇಂಧನದ್ದಾದರೇನು? ಇದರ ಸದ್ದಿಲ್ಲದಿರುವುದೂ ಪೂರ್ಣ ಗುಣವಲ್ಲ. ಓಣಿಯಲ್ಲಿ ಮಲಗಿದ ನಾಯಿ, ಕರುಗಳಿಗೆ ಬರುವುದು ಕೇಳಿಸದು. ಓಡಿಸುವವನ ಕಣ್ಣೇ ಅವುಗಳ ರಕ್ಷೆ.

ಬಸದಿಗಳ ಆಡಳಿತದವರಿಗೆ ಈ ವಾಹನವು ಗೃಹಸ್ಥನಿಗಿಂತ ಹೆಚ್ಚು ಒಪ್ಪುತ್ತದೆ ಎಂದು ಹೇಳಬಹುದು. ಹತ್ತು ಮನೆಗಳು ವರ್ಷಕ್ಕೆ ಹತ್ತು ದಿನದ ಸಲುವಾಗಿ ಹತ್ತು ಮೂರನೆಯ ಸಾಲುಗಳನ್ನು ಕೊಳ್ಳುವ ಬದಲು, ಒಂದು ಟ್ರಸ್ಟಿನ ಬಳಿ ಒಂದಿದ್ದರೆ ವೃದ್ಧರ ದರ್ಶನಕ್ಕೂ, ಮುನಿವಿಹಾರದ ಹಿಂದೆ ಆಹಾರದ ಸಾಮಗ್ರಿಯನ್ನು ಒಯ್ಯುವುದಕ್ಕೂ ಆಗುತ್ತದೆ. ಅಲ್ಲಿ ಅದು ದಿನವೂ ತುಂಬಿ ಓಡುತ್ತದೆ. ಕೀಲಿ ಯಾರ ಮನೆಯಲ್ಲಿ ಇರಬೇಕೆಂಬ ಜಗಳವು ಏಳುವುದಾದರೆ, ಅದು ವಾಹನದ ದೋಷವಲ್ಲ.

ಊಹಿಸಿದ ಮನೆಯ ಮಾತು ಇನ್ನೂ ಮುಗಿದಿಲ್ಲ. ಹಿರಿಯ ಮಗನು ಎಲ್ಲ ವಿವರಗಳನ್ನೂ ಹೇಳಿದ ಮೇಲೆ ಅಜ್ಜಿ ಕೇಳುವುದು ಒಂದೇ: “ಹಿಂದಿನ ಸಾಲಿನಾಗೆ ಕೂರೋರು ಯಾರಪ್ಪ?” ಮನೆಯಲ್ಲಿರುವವರು ನಾಲ್ವರು, ಹಿಂದಿನ ಸಾಲು ಹರಿಹರದವರಿಗೇ ಎಂದು ಅವನು ಉತ್ತರಿಸಬೇಕಾಗುತ್ತದೆ. ಹಾಗಿದ್ದರೆ ವಾಹನವು ಎರಡು ಮನೆಗೂ ಸೇರಿದ್ದು; ಅವನ ಕಾರು ಏತಕ್ಕೆ ಎಂಬುದು ಅಜ್ಜಿಯ ಮುಂದಿನ ಪ್ರಶ್ನೆ. ಅವರು ವ್ರತ ತೆಗೆದುಕೊಂಡಾಗ ಮನೆ ಒಂದೇ ಇತ್ತು. ಪಾಲಾದಾಗ ವ್ರತವನ್ನೂ ಎರಡಾಗಿ ಹಂಚಿಕೊಂಡು ಇಬ್ಬರು ಮಕ್ಕಳೂ ಒಂದೊಂದು ಕಾರು ಇಟ್ಟುಕೊಂಡರು. ಆಗ ಅಜ್ಜಿ ಏನೂ ಹೇಳಲಿಲ್ಲ. ಏಳು ಆಸನಕ್ಕಾಗಿ ಮನೆ ಮತ್ತೆ ಒಂದಾಗುವುದಾದರೆ ಪರಿಮಾಣವೂ ಮೊದಲಿನಂತೆ ಒಂದೇ ಆಗಬೇಕೆನ್ನುತ್ತಾರೆ. ಎರಡು ಪೆಟ್ರೋಲ್ ಕಾರುಗಳೂ ಹೋಗಿ ಇದೊಂದೇ ಬರುವುದಾದರೆ ಕೊಳ್ಳಬಹುದು. ದಿನನಿತ್ಯದ ಓಡಾಟಕ್ಕೆ ಎರಡು ಊರುಗಳ ನಡುವೆ ಬಸ್ಸುಗಳಿವೆ, ರೈಲೂ ಇದೆ. ಇಲ್ಲವಾದರೆ ವರ್ಷದ ಆ ಕೆಲವು ದಿನಗಳಿಗೆ ಬಾಡಿಗೆಯ ವಾಹನವೇ ಸಾಕು.

ಹಿರಿಯ ಮಗನು ಈ ಮಾತನ್ನು ತಮ್ಮನಿಗೆ ಹೇಳಿಕಳುಹಿಸುತ್ತಾನೆ. ಹರಿಹರದಿಂದ ಉತ್ತರ ಬರುವವರೆಗೆ ಹಳೆಯ ಕಾರು ಅಂಗಳದಲ್ಲಿಯೇ ಇರುತ್ತದೆ, ಅವನು ಅಂಗಡಿಗೆ ನಡೆದು ಹೋಗುತ್ತಾನೆ.