ಉಪವಾಸದೊಳಗೆ ಅಡಗುವ ಅಹಂಕಾರ

ವ್ರತವನ್ನು ಕೈಗೊಂಡವನಿಗೆ ಹಸಿವೆಯನ್ನು ಗೆಲ್ಲುವುದು ಮೊದಲನೆಯ ಕಷ್ಟ. ಹಸಿವೆಯನ್ನು ಗೆದ್ದೆನೆಂಬ ಭಾವವನ್ನು ಗೆಲ್ಲುವುದು ಅದಕ್ಕಿಂತಲೂ ಮಿಗಿಲಾದ ಕಷ್ಟ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಂಟು ಮದಗಳನ್ನು ಎಣಿಸುವಾಗ ತಪೋಮದವನ್ನೂ ಸೇರಿಸಿರುವುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಈ ಅಪಾಯವನ್ನು ಕ್ರೈಸ್ತ ಸಾಧಕರೂ ಕಂಡುಕೊಂಡಿದ್ದರು. ಗರ್ವವನ್ನು ತ್ಯಜಿಸಿ ವಿನಯವನ್ನು ಆರಿಸಿಕೊಳ್ಳಬೇಕೆಂದು ಅವರ ಧರ್ಮವು ಬೋಧಿಸುತ್ತದೆ. ಆದರೆ ಆರಿಸಿಕೊಂಡವನು ‘ನಾನು ವಿನಯವಂತ’ನೆಂದು ತಿಳಿದೊಡನೆ ಆ ವಿನಯವು ಉಳಿಯುವುದೇ? ಈ ಪ್ರಶ್ನೆಗೆ ಅವರು ಕೊಟ್ಟ ಉತ್ತರವು ವಿಚಾರಾರ್ಹವಾಗಿದೆ.

ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಯೇಸುಕ್ರಿಸ್ತನು ಹೇಳಿದ ಒಂದು ದೃಷ್ಟಾಂತವಿದೆ. ಪ್ರಾರ್ಥನೆಗಾಗಿ ಇಬ್ಬರು ದೇವಾಲಯಕ್ಕೆ ಹೋಗುತ್ತಾರೆ. ಒಬ್ಬನು ಧರ್ಮನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯ. ಇನ್ನೊಬ್ಬನು ಜನರ ತಿರಸ್ಕಾರಕ್ಕೆ ಪಾತ್ರನಾದ ಸುಂಕದವನು. ತಾನು ವಾರಕ್ಕೆ ಎರಡು ಸಲ ಉಪವಾಸ ಮಾಡುವೆನೆಂದೂ, ಆದಾಯದ ಹತ್ತರಲ್ಲೊಂದು ಪಾಲನ್ನು ಕೊಡುವೆನೆಂದೂ, ಈ ಸುಂಕದವನಂತೆ ತಾನಿಲ್ಲವೆಂದೂ ಫರಿಸಾಯನು ದೇವರಿಗೆ ಕೃತಜ್ಞತೆ ಸಲ್ಲಿಸುತ್ತಾನೆ. ಸುಂಕದವನಾದರೋ ದೂರದಲ್ಲಿ ನಿಂತು, ಕಣ್ಣೆತ್ತಿ ನೋಡಲೂ ಧೈರ್ಯವಿಲ್ಲದೆ, ಎದೆ ಬಡಿದುಕೊಂಡು ಕರುಣೆಯನ್ನು ಬೇಡುತ್ತಾನೆ. ನೀತಿವಂತನೆನಿಸಿ ಮನೆಗೆ ಹಿಂದಿರುಗಿದವನು ಇವನೇ ಎಂಬುದು ಯೇಸುವಿನ ತೀರ್ಪು.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಫರಿಸಾಯನು ಸುಳ್ಳಾಡಲಿಲ್ಲ. ಮೋಶೆಯ ಧರ್ಮಶಾಸ್ತ್ರವು ವಿಧಿಸಿದ ಉಪವಾಸವು ವರ್ಷಕ್ಕೊಂದು ದಿನದ್ದು. ಇವನು ವಾರಕ್ಕೆ ಎರಡನ್ನು ಆಚರಿಸುತ್ತಿದ್ದನು. ಉಪವಾಸವು ನಿಜ, ದಾನವೂ ನಿಜ. ಆದರೂ ಕೆಟ್ಟದ್ದು ಯಾವುದು? ಅವನು ತನ್ನನ್ನು ಅಳೆದುಕೊಂಡ ಅಳತೆಗೋಲು. ಪಕ್ಕದವನ ಕೊರತೆಯಿಂದ ತನ್ನ ಹಿರಿಮೆಯನ್ನು ಅಳೆದನು. ಅಲ್ಲಿಗೆ ವ್ರತದ ಫಲವು ಸೋರಿಹೋಯಿತು.

ಈ ಎಚ್ಚರವು ಮುಂದೆ ಮಠಗಳ ನಿಯಮವಾಯಿತು. 6ನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟನು ಸನ್ಯಾಸಿಗಳಿಗಾಗಿ 73 ಅಧ್ಯಾಯಗಳ ನಿಯಮಗ್ರಂಥವನ್ನು ರಚಿಸಿದನು. ಅದರ 7ನೆಯ ಅಧ್ಯಾಯವು ವಿನಯದ 12 ಮೆಟ್ಟಿಲುಗಳನ್ನು ವಿವರಿಸುತ್ತದೆ. 49ನೆಯ ಅಧ್ಯಾಯವು ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲವನ್ನು ಕುರಿತದ್ದು. ಆಗ ಪ್ರತಿಯೊಬ್ಬನೂ ಆಹಾರ, ಪಾನ, ನಿದ್ರೆ, ಮಾತುಗಳಲ್ಲಿ ಸ್ವಲ್ಪವನ್ನು ಸ್ವಇಚ್ಛೆಯಿಂದ ಬಿಡಬಹುದು. ಆದರೆ ಮಠಾಧಿಪತಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದೇ ಬಿಡಬೇಕು. ಒಪ್ಪಿಗೆಯಿಲ್ಲದೆ ಮಾಡಿದ ತಪಸ್ಸು ಪುಣ್ಯದ ಲೆಕ್ಕಕ್ಕಲ್ಲ, ದುರಭಿಮಾನದ ಲೆಕ್ಕಕ್ಕೆ ಸೇರುತ್ತದೆ. ತನ್ನ ತ್ಯಾಗಕ್ಕೆ ತಾನೇ ತೂಕ ಹಾಕಿಕೊಳ್ಳಬಾರದೆಂಬುದೇ ಇದರ ತಾತ್ಪರ್ಯ.

12ನೆಯ ಶತಮಾನದ ಫ್ರಾನ್ಸಿನಲ್ಲಿ ಕ್ಲೇರ್ವೋ ಮಠದ ಬರ್ನಾರ್ಡನು (1090–1153) ಈ ಮೆಟ್ಟಿಲುಗಳನ್ನು ಕುರಿತೇ ಒಂದು ಗ್ರಂಥವನ್ನು ಬರೆದನು. ಸೋಜಿಗವೆಂದರೆ, ಅದರಲ್ಲಿ ಅವನು ವಿಸ್ತರಿಸಿದ್ದು ಗರ್ವದ 12 ಮೆಟ್ಟಿಲುಗಳನ್ನು. ತಾನು ಬಲ್ಲದ್ದು ಇಳಿಯುವ ದಾರಿಯನ್ನೇ ಎಂದು ಕೊನೆಯಲ್ಲಿ ಒಪ್ಪಿಕೊಳ್ಳುತ್ತಾನೆ. ಅವನ ಐದನೆಯ ಮೆಟ್ಟಿಲಿನ ಸನ್ಯಾಸಿಯು ಊಟದ ಪಂಕ್ತಿಯಲ್ಲಿ ಕುಳಿತು ಸುತ್ತಲೂ ಕಣ್ಣಾಡಿಸುತ್ತಾನೆ. ತನಗಿಂತ ಕಡಿಮೆ ಉಣ್ಣುವವನು ಕಂಡರೆ ಸೋತೆನೆಂದು ಕೊರಗಿ, ತನ್ನ ಅಗತ್ಯದ ತುತ್ತನ್ನೂ ಕಡಿಮೆ ಮಾಡುತ್ತಾನೆ. ಒಂಬತ್ತನೆಯ ಮೆಟ್ಟಿಲಿನವನು ತನ್ನ ದೋಷಗಳನ್ನು ಇದ್ದುದಕ್ಕಿಂತ ದೊಡ್ಡದಾಗಿ ಹೇಳಿಕೊಳ್ಳುತ್ತಾನೆ. ಬೇರೊಬ್ಬರು ಒಂದು ಸಣ್ಣ ತಪ್ಪನ್ನು ತೋರಿಸಿ ಕಠಿಣವಾಗಿ ದಂಡಿಸಿದರೆ ಮಾತ್ರ ಸಹಿಸಲಾರನು. ಇಂಥವನ ವಿನಯವು ಗರ್ವವು ತೊಟ್ಟ ವೇಷವಲ್ಲದೆ ಬೇರೇನು?

ಹಾಗಾದರೆ ಗರ್ವದ ಭಯದಿಂದ ಉಪವಾಸವನ್ನೇ ಬಿಡಬೇಕೆ? ಕ್ರೈಸ್ತ ಸಾಧಕರು ಹಾಗೆ ಹೇಳಲಿಲ್ಲ. ಉಪವಾಸ ಮಾಡುವಾಗ ತಲೆಗೆ ಎಣ್ಣೆ ಹಚ್ಚಿಕೊಂಡು, ಮುಖ ತೊಳೆದುಕೊಂಡು ಇರಬೇಕೆಂಬುದು ಮತ್ತಾಯನ ಸುವಾರ್ತೆಯಲ್ಲಿರುವ ಯೇಸುವಿನ ಉಪದೇಶ. ವ್ರತವನ್ನು ಬಿಡುವುದಲ್ಲ, ಅದರ ಪ್ರದರ್ಶನವನ್ನು ಬಿಡುವುದು ಮುಖ್ಯ. ಮೊದಲ ಪ್ರಶ್ನೆಗೂ ಉತ್ತರವು ಇಲ್ಲಿಯೇ ದೊರೆಯುತ್ತದೆ. ವಿನಯವು ತನ್ನನ್ನು ಕುರಿತ ಒಂದು ಅಭಿಪ್ರಾಯವಲ್ಲ; ಆದ್ದರಿಂದ ಒಮ್ಮೆ ಆರಿಸಿಕೊಂಡು ಗಂಟುಕಟ್ಟಿ ಇಡುವಂಥದ್ದೂ ಅಲ್ಲ. ತಪ್ಪನ್ನು ತೋರಿಸಿದಾಗ ಸುಮ್ಮನೆ ಕೇಳುವುದರಲ್ಲಿ, ಯಾರೂ ನೋಡದಿರುವಾಗಲೂ ನಿಯಮವನ್ನು ಪಾಲಿಸುವುದರಲ್ಲಿ, ಅನ್ಯರ ಎಲೆಯ ಕಡೆಗೆ ಹೋದ ದೃಷ್ಟಿಯನ್ನು ಹಿಂದಕ್ಕೆ ತರುವುದರಲ್ಲಿ ಅದನ್ನು ಪ್ರತಿಸಲವೂ ಹೊಸದಾಗಿ ಆರಿಸಿಕೊಳ್ಳಬೇಕು. ಇಂತಹ ಕೆಲಸದಲ್ಲಿ ತೊಡಗಿದವನಿಗೆ ತನ್ನ ವಿನಯವನ್ನು ಮೆಚ್ಚಿಕೊಳ್ಳಲು ಬಿಡುವಿರುವುದಿಲ್ಲ.

ವಿನಯವನ್ನು ದೇವರ ಕೃಪೆಯೆಂದು ಅವರು ತಿಳಿಯುತ್ತಾರೆ. ಸೃಷ್ಟಿಕರ್ತನನ್ನು ಒಪ್ಪದ ನಮ್ಮ ದಾರಿ ಬೇರೆ. ಆದರೆ ಮಾನಕಷಾಯವು ಮನಸ್ಸಿನಲ್ಲಿ ನುಸುಳುವ ರೀತಿ ಬೇರೆಯಲ್ಲ. ದಶಲಕ್ಷಣ ಪರ್ವದ ಪಾರಣೆಯ ದಿನ ‘ನಿಮ್ಮದು ಎಷ್ಟು ಉಪವಾಸವಾಯಿತು?’ ಎಂದು ನೆರೆಯವರನ್ನು ಕೇಳುವ ಮುನ್ನ, ಆ ಪ್ರಶ್ನೆಯು ಭಕ್ತಿಯಿಂದ ಹುಟ್ಟಿತೋ ಅಳತೆಗೋಲಿನಿಂದ ಹುಟ್ಟಿತೋ ಎಂದು ಪ್ರತಿಯೊಬ್ಬರೂ ಪರೀಕ್ಷಿಸಿಕೊಳ್ಳುವುದು ಶ್ರೇಯಸ್ಕರ.